ಹೆಬ್ಬೆಟ್ಟಿನ ನಡುವಿನ ಗೆರೆ

ರಾಜಾಜಿನಗರ, ಬೆಂಗಳೂರು
೭ ಜೂನ್ ೧೯೫೭, ಶುಕ್ರವಾರ

ಅಕ್ಕಯ್ಯಮ್ಮನವರಿಗೆ,

ಕಾಗದದ ಮೊದಲಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ, ಇಲ್ಲಿ ಯಾವುದೂ ಕ್ಷೇಮವಾಗಿಲ್ಲ. ಕೆಂಗೇರಿ ಬಿಟ್ಟು ಆರು ವರ್ಷವಾಯಿತು. ಇಷ್ಟು ದಿನ ಒಂದು ಕಾರ್ಡೂ ಹಾಕದ ಸೊಸೆ ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡಿ. ನಿಮ್ಮನ್ನು ಒಂದು ಮಾತು ಕೇಳುವುದಿದೆ. ಸೇತುರಾಮ ಮೇಷ್ಟ್ರೇ, ಇದನ್ನು ಅವರಿಗೆ ಓದಿ ಹೇಳುವವರು ನೀವೇ ಎಂದು ಗೊತ್ತು. ಒಂದಕ್ಷರವನ್ನೂ ನುಂಗದೆ ಓದಿ. ಬೈಗುಳ ಬಂದರೆ ಅದನ್ನೂ ಓದಿ.

ನಾನೀಗ ರಾಜಾಜಿನಗರದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನರ್ಸು. ಹೆಂಗಸರಿಗೆ ಹತ್ತು ಹಾಸಿಗೆ, ಗಂಡಸರಿಗೆ ಹತ್ತು. ಸುತ್ತಲೂ ಇನ್ನೂ ಮನೆಗಳು ಏಳುತ್ತಿವೆ, ದಿನವೆಲ್ಲ ಕಲ್ಲು ಒಡೆಯುವ ಸದ್ದು, ಎಷ್ಟು ಒರೆಸಿದರೂ ಕಿಟಕಿಯ ಮೇಲೆ ಕೆಂಪು ಧೂಳು. ಕೆಲಸಕ್ಕೆ ಸೇರಿ ಹತ್ತು ತಿಂಗಳಾಯಿತು. ವರ್ಷ ತುಂಬಿದರೆ ಕಾಯಂ. ತುಂಬುತ್ತದೋ ಇಲ್ಲವೋ ದೇವರಿಗೇ ಗೊತ್ತು, ಯಾಕೆಂದರೆ ನಿನ್ನೆ ನಾನು ಒಬ್ಬ ರೋಗಿಯ ಕೆನ್ನೆಗೆ ಹೊಡೆದೆ.

ಅವಳ ಹೆಸರು ಮುನಿತಾಯಮ್ಮ. ಮೂಡಲಪಾಳ್ಯದವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಕಳೆದ ಶುಕ್ರವಾರ ಗಂಡ ಹೆಂಡತಿ ಗಾಡಿಯಲ್ಲಿ ಸೊಪ್ಪು ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವಾಗ ಮಾಗಡಿ ರಸ್ತೆಯಲ್ಲಿ ಲಾರಿ ಬಡಿಯಿತು. ಅವಳ ಬಲಗೈ ಮೊಣಕೈಯಿಂದ ಕೆಳಗೆ ಮುರಿದು, ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿತ್ತು. ಆ ಕೈಯ ಬಳೆಗಳು ರಸ್ತೆಯಲ್ಲೇ ಪುಡಿಯಾದವು. ಈಗ ಗಾಯ ಕೀವು ಕಟ್ಟಿದೆ. ಆಪರೇಷನ್ ಮಾಡಿ ಒಳಗಿನ ಮೂಳೆ ಚೂರು ತೆಗೆಯಬೇಕು, ಇಲ್ಲದಿದ್ದರೆ ಕೈ ಹೋಗುತ್ತದೆ, ಇನ್ನೂ ತಡವಾದರೆ ಜೀವವೇ ಹೋಗುತ್ತದೆ ಎಂದು ಡಾಕ್ಟರ್ ಗೋಪೀನಾಥ್ ಹೇಳಿದ್ದಾರೆ.

ಆಪರೇಷನ್ನಿಗೆ ಮುಂಚೆ ಬಳೆ, ಓಲೆ, ತಾಳಿ ಎಲ್ಲ ತೆಗೆದು ಹಣೆ ಒರೆಸಿ ಒಳಗೆ ಕಳಿಸುವುದು ನಮ್ಮಲ್ಲಿ ಕ್ರಮ. ನಿನ್ನೆ ಬೆಳಿಗ್ಗೆ ಐದೂವರೆಗೆ ಬೇಸಿನ್ನು, ಹತ್ತಿ, ಕತ್ತರಿ ಹಿಡಿದು ಅವಳ ಮಂಚದ ಹತ್ತಿರ ಹೋದೆ. ಹತ್ತಿ ಹಣೆಗೆ ತಾಕಿತೋ ಇಲ್ಲವೋ, "ಮುಂಡೆ, ಮುಟ್ಬೇಡ ನನ್ನ!" ಎಂದು ಕಿರುಚಿ ಬೇಸಿನ್ನು ಒದ್ದಳು. ಎಡಗೈಯಿಂದ ನನ್ನ ಕೂದಲು ಹಿಡಿದು ಜಗ್ಗಿದಳು. ಇಡೀ ವಾರ್ಡು ಎದ್ದು ಕೂತಿತು. ಮೊದಲ ಸಲ ಆ ಮಾತು ಕೇಳಿಸದ ಹಾಗೆ ಇದ್ದೆ. ಎರಡನೆಯ ಸಲವೂ ಇದ್ದೆ. ಮೂರನೆಯ ಸಲ ಅಂದಾಗ ನನ್ನ ಕೈ ಎದ್ದಿತು.

ಆಪರೇಷನ್ ನಿಂತುಹೋಯಿತು. ಮೇಟ್ರನ್ ಗಿರಿಜಾದೇವಿಯವರು, "ಯಾಕೆ ಹೊಡೆದೆ ಅಂತ ಹದಿನೈದನೇ ತಾರೀಕಿನೊಳಗೆ ಬರೆದುಕೊಡು, ಅದನ್ನ ನೋಡಿ ಕಮಿಟಿಯವರು ತೀರ್ಮಾನ ಮಾಡ್ತಾರೆ" ಎಂದಿದ್ದಾರೆ. ಬರೆಯಲು ಕೂತರೆ ಕೆಂಗೇರಿ ಕೆರೆ ಕಣ್ಣ ಮುಂದೆ ಬರುತ್ತದೆ.

ನಿಮ್ಮ ಮಗ ಸತ್ತ ಹನ್ನೊಂದನೆಯ ದಿನ ಬೆಳಗಿನ ಜಾವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಿರಿ, ಬಳೆ ತೆಗೆಸಲು. ನನಗೆ ಹದಿನೇಳು ವರ್ಷ. ಹಿತ್ತಾಳೆ ಚೊಂಬು ನೆನಪಿದೆ. ಸುತ್ತ ನಿಂತ ಹೆಂಗಸರ ಕಾಲು ನೆನಪಿದೆ. ನನ್ನ ಮಣಿಕಟ್ಟು ಹಿಡಿದ ನಿಮ್ಮ ಕೈ ನೆನಪಿದೆ. ಆಮೇಲೆ ಏನೂ ನೆನಪಿಲ್ಲ. ಆರು ವರ್ಷದಿಂದ ಆ ಕೈಯನ್ನು ಶಪಿಸಿಕೊಂಡು ಬಂದಿದ್ದೇನೆ. ಅವತ್ತು ನಾನು ಏನು ಮಾಡಿದೆ? ನೀವು ನನಗೆ ಹೊಡೆದಿರಾ? ನಿಜ ಹೇಳಿ.

ಇತಿ,
ಜಗದಾಂಬಾ, ನರ್ಸ್


ಕೆಂಗೇರಿ
೧೦ ಜೂನ್ ೧೯೫೭

ಚಿ. ಜಗದಾಂಬಾಳಿಗೆ ಅಕ್ಕಯ್ಯಮ್ಮನವರ ಆಶೀರ್ವಾದಗಳು.

ನಿನ್ನ ಪತ್ರವು ಕೈಸೇರಿತು. ಅಕ್ಷರ ಬಿಡದೆ ಓದಿ ಹೇಳಲಾಯಿತು. ಅಕ್ಕಯ್ಯಮ್ಮನವರು ತಿಳಿಸುವುದೇನೆಂದರೆ, ಇಲ್ಲಿ ಎಮ್ಮೆಯು ಹೆಣ್ಣುಗರು ಹಾಕಿರುತ್ತದೆ. ಕೆರೆಗೆ ನೀರು ಬರುವುದು ಇನ್ನೂ ತಡವಿದೆ. ಹಾಸಿಗೆ ಹಿಡಿದವರನ್ನು ಹೊಡೆದದ್ದು ತಪ್ಪು. ಕೆರೆಯ ಬಳಿ ನಡೆದ ವಿಚಾರವು ಗಂಡಸರ ಕೈಯಲ್ಲಿ ಬರೆಸತಕ್ಕದ್ದಲ್ಲ. ಆ ಹೆಂಗಸಿನ ಗಂಡ ಎಲ್ಲಿದ್ದಾನೆ? ಬದುಕಿರುವನೇ? ಅದನ್ನು ಅವಳಿಗೆ ಯಾರು ಹೇಳಿರುತ್ತಾರೆ, ಏನೆಂದು ಹೇಳಿರುತ್ತಾರೆ? ಇದಕ್ಕೆ ಕೂಡಲೇ ಉತ್ತರ ಬರೆಯುವುದು.

ಇದು ನನ್ನ ಮಾತು: ನಿನ್ನ ಕಾಗದವನ್ನು ಎರಡು ಸಲ ಓದಿಸಿ ಸೆರಗು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. "ಬರೀಲಾ ಅಮ್ಮ?" ಎಂದು ಕೇಳಿದರೆ "ತಡೀರಿ ಮೇಷ್ಟ್ರೇ" ಎಂದರು.

ಅಕ್ಕಯ್ಯಮ್ಮನವರ ಹೆಬ್ಬೆಟ್ಟು
ಬರೆದವನು: ಸೇತುರಾಮ, ಉಪಾಧ್ಯಾಯ


ರಾಜಾಜಿನಗರ
೧೨ ಜೂನ್ ೧೯೫೭, ಬುಧವಾರ

ಅಕ್ಕಯ್ಯಮ್ಮನವರಿಗೆ,

ಎಮ್ಮೆ ಕರು ಹಾಕಿದ್ದು ಸಂತೋಷ. ನಾನು ಕೇಳಿದ್ದು ಎಮ್ಮೆಯ ವಿಷಯವನ್ನಲ್ಲ.

ಮೇಷ್ಟ್ರೇ, ನಿಮಗೂ ಒಂದು ಮಾತು. ಮೊದಲ ಸಾಲಿನಲ್ಲಿ ನನ್ನ ಹೆಸರಿನ ಹಿಂದೆ ಅಭ್ಯಾಸಬಲದಿಂದ "ಸೌ" ಎಂದು ಬರೆದು ಆಮೇಲೆ ಗೀಟು ಹಾಕಿದ್ದೀರಿ. ಗೀಟಿನ ಅಡಿಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು, ಅವರ ಹೆಬ್ಬೆಟ್ಟಿನ ಗುರುತಿನ ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ ಬಂದಿದೆ. ಇಂಕನ್ನಾದರೂ ಸರಿಯಾಗಿ ಹಚ್ಚಬಾರದೆ?

ನಿಮ್ಮ ಪ್ರಶ್ನೆಗೆ ಉತ್ತರ. ಮುನಿತಾಯಮ್ಮನ ಗಂಡ ಮರಿಯಪ್ಪ ನಮ್ಮಲ್ಲೇ, ಗಂಡಸರ ವಾರ್ಡಿನಲ್ಲಿ ಇದ್ದಾನೆ. ನಡುವೆ ಒಂದು ಅಂಗಳ ಅಷ್ಟೆ. ತಲೆಗೆ ಪೆಟ್ಟಾಗಿ ಅವತ್ತಿನಿಂದ ಎಚ್ಚರವಿಲ್ಲ. ಉಸಿರಿದೆ. ಅವಳು ಕೇಳಿದಾಗಲೆಲ್ಲ ಎಲ್ಲರೂ ಹೇಳಿದ್ದಾರೆ, "ಹುಷಾರಾಗಿದಾರೆ, ನೀವು ಸುಮ್ನಿರಿ" ಅಂತ. ಡಾಕ್ಟರೂ ಹೇಳಿದ್ದಾರೆ, ಆಯಾನೂ ಹೇಳಿದ್ದಾಳೆ, ನಾನು ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ರೋಗಿಗೆ ಧೈರ್ಯ ತುಂಬಬೇಕು ಎಂದು ನಮಗೆ ಕಲಿಸಿರುವುದೂ ಅದೇ. ಇನ್ನೇನು ಹೇಳಬೇಕಿತ್ತು?

ಅವಳು ಈಗ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಪೆನಿಸಿಲಿನ್ ಸೂಜಿ ಕಂಡರೆ ಒದೆಯುತ್ತಾಳೆ. ಡ್ರೆಸ್ಸಿಂಗ್ ಮಾಡಲು ಹೋದರೆ ಉಗಿಯುತ್ತಾಳೆ. ನನ್ನನ್ನು ಕಂಡರೆ ಮಾತ್ರ ಎಡಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿಕೊಳ್ಳುತ್ತಾಳೆ. ಆ ಕೈಯಲ್ಲಿ ಆರು ಹಸಿರು ಬಳೆ ಉಳಿದಿವೆ. ನಿನ್ನೆ ಸಂಜೆ ಜ್ವರ ನೂರಾ ಮೂರು. ಗಾಯದ ವಾಸನೆ ಬಾಗಿಲಿನವರೆಗೂ ಬರುತ್ತಿದೆ.

ಸೋಮವಾರ ಹದಿನೇಳಕ್ಕೆ ಕೈಕಾಲು ಕಟ್ಟಿಯಾದರೂ ಆಪರೇಷನ್ ಮಾಡುತ್ತೇನೆ ಎಂದು ಡಾಕ್ಟರು ನಿರ್ಧಾರ ಮಾಡಿದ್ದಾರೆ. ಹಗ್ಗ ಆಗಲೇ ಬಂದಿದೆ. ಈ ಜ್ವರದಲ್ಲಿ ಒದ್ದಾಡುತ್ತಿರುವವಳಿಗೆ ಕ್ಲೋರೋಫಾರಂ ಕೊಟ್ಟರೆ ಎದೆ ನಿಂತುಹೋಗುವ ಭಯವೂ ಇದೆ, ಅದು ಅವರಿಗೂ ಗೊತ್ತು. ಬಳೆ ಒಡೆಯುವ ಕೆಲಸ ನನ್ನದಂತೆ. "ನೀವೇ ಶುರು ಮಾಡಿದ್ದು, ನೀವೇ ಮುಗಿಸಿ" ಎಂದರು.

ಮೇಟ್ರನ್ನರಿಗೆ ಇನ್ನೂ ಒಂದು ಸಾಲೂ ಬರೆದಿಲ್ಲ. ನನಗೆ ಭಯವಾಗಿದೆ. ನೀವು ಹೇಳುವುದಿದ್ದರೆ ಹೇಳಿ, ಇಲ್ಲದಿದ್ದರೆ ಬಿಡಿ.

ಜಗದಾಂಬಾ


ಕೆಂಗೇರಿ
೧೪ ಜೂನ್ ೧೯೫೭

(ಬರೆಯುತ್ತಿರುವವಳು ಅಲಮೇಲು, ಇಲ್ಲಿನ ಶಾಲೆಗೆ ಹೊಸದಾಗಿ ಬಂದ ಟೀಚರ್. ತಾವು ಹೇಳಿದ ಹಾಗೇ ಬರೆಯಬೇಕು, ಮೇಷ್ಟ್ರ ಹಾಗೆ ತಿದ್ದಬಾರದು ಎಂದು ಅಕ್ಕಯ್ಯಮ್ಮನವರ ಅಪ್ಪಣೆ.)

ಜಗದಮ್ಮ,

ಇಂಕಿನ ತಪ್ಪಲ್ಲ ಕಣವ್ವ. ಆ ಗೆರೆ ನಿನ್ನ ಹಲ್ಲಿಂದು.

ಅವತ್ತು ನೀನು ಏನ್ ಮಾಡ್ದೆ ಅಂತ ಕೇಳ್ದಲ್ಲ, ಕಚ್ಚಿದೆ. ನಿನ್ ಕೈ ಹಿಡ್ಕಂಡಿದ್ದೇ ತಡ, ನನ್ ಹೆಬ್ಬೆಟ್ಟಿಗೆ ಬಾಯಿ ಹಾಕ್ದೆ. ಮೂಳೆ ಸಿಗೋಗಂಟ ಬಿಡ್ಲಿಲ್ಲ. "ಬಿಡೇ ಮುಂಡೆ" ಅಂತ ನಂಗೇ ಅಂದೆ. ನನ್ ಗಂಡ ಹೋಗಿ ಆಗ್ಲೇ ಇಪ್ಪತ್ತು ವರ್ಸ ಆಗಿತ್ತು, ಅದೇನ್ ಸುಳ್ಳಲ್ಲ ಬಿಡು. ಆದ್ರೂ ಸೊಸೆ ಬಾಯಲ್ಲಿ ಆ ಮಾತು ಕೇಳಿ ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು.

ನಾನೂ ಕೈ ಎತ್ತಿದ್ದೆ. ದೇವ್ರಾಣೆಗೂ ಎತ್ತಿದ್ದೆ. ಅಷ್ಟೊತ್ಗೆ ನಿನ್ ಕಣ್ಣು ನೋಡ್ದೆ. ನೀನು ನನ್ ಮುಖ ನೋಡ್ತಾನೇ ಇರ್ಲಿಲ್ಲ. ನನ್ ಕೈ ನೋಡ್ತಿದ್ದೆ, ಹಾವು ನೋಡ್ದಂಗೆ. ಈ ಮಗಾ ನನ್ನ ಕಚ್ತಾ ಇಲ್ಲ, ಈ ಕೈ ಏನ್ ಕಿತ್ಕೊಳಕ್ಕೆ ಬಂದೈತೋ ಅಂತ ಹೆದ್ರಿ ಕಚ್ತಾ ಐತೆ ಅನ್ನುಸ್ತು. ಎತ್ತಿದ ಕೈ ಇಳಿಸ್ದೆ. ಮೆಟ್ಲು ಮೇಲೆ ಕುಂತ್ಕಂಡೆ, ನಿನಗಿಂತ ಕೆಳಗೆ. ಸುತ್ತ ನಿಂತಿದ್ದೋರನ್ನೆಲ್ಲ ಕೆರೆ ಏರಿ ಮೇಲಕ್ಕೆ ಕಳಿಸ್ದೆ. ಬೈಕೊಂಡು ಹೋದ್ರು.

ಆಮೇಲೆ ಒಂದೊಂದೇ ಹೇಳ್ದೆ. "ಈಗ ನೀರು ಹಾಕ್ತೀನಿ. ಈಗ ಕೈ ಮುಟ್ತೀನಿ. ಬ್ಯಾಡ ಅಂದ್ರೆ ಬಿಡ್ತೀನಿ." ನೀನು ಬ್ಯಾಡ ಅಂದೆ, ನಾನು ಬಿಟ್ಟೆ. ತಿರ್ಗಾ ಕೇಳ್ದೆ, ತಿರ್ಗಾ ಬಿಟ್ಟೆ. ಬಿಸ್ಲು ನೆತ್ತಿಗೆ ಬಂತು. ಕೊನೆಗೆ ನೀನೇ ಕೈ ಕೊಟ್ಟೆ. ಅಂಟುವಾಳದಕಾಯಿ ನೊರೆ ಮಾಡಿ ಒಂದೊಂದೇ ಬಳೆ ಜಾರಿಸ್ದೆ. ಒಡೀಬೇಕು ಅನ್ನೋದು ನಮ್ಮ ಪದ್ಧತಿ. ನಾನು ಒಡೀಲಿಲ್ಲ. ಹನ್ನೆರಡೂ ನನ್ ಹತ್ರ ಅವೆ, ಬಟ್ಟೇಲಿ ಸುತ್ತಿ ಅಟ್ಟದ ಮೇಲೆ ಮಡಕೇಲಿ ಇಟ್ಟಿದೀನಿ.

ಈಗ ಆ ಮುನಿತಾಯಮ್ಮಂದು ಕೇಳು. ನೀನು ಬೆಳಗಿನ ಜಾವ ಹೋದೆ. ಬಿಳೀ ಸೀರೆ, ಬೋಳು ಹಣೆ, ಕೈಯಲ್ಲಿ ನೀರು. ಕುಂಕುಮ ಒರಸಕ್ಕೆ ಕೈ ಹಾಕ್ದೆ. ನಿಮ್ಮಾಸ್ಪತ್ರೇಲಿ ಅದಕ್ಕೆ ಏನಂತಾರೋ ನಂಗೊತ್ತಿಲ್ಲ. ಮೂಡಲಪಾಳ್ಯದಲ್ಲಿ ಅದಕ್ಕೆ ಒಂದೇ ಅರ್ಥ. ನಿನ್ ಗಂಡ ಹೋದ ಅಂತ ಬಾಯಲ್ಲಿ ಹೇಳ್ದಲೆ ಕೈಯಲ್ಲಿ ಹೇಳ್ದೆ ನೀನು! ಅಷ್ಟೂ ತಿಳೀಲಿಲ್ವೇನೇ?

ಹುಷಾರಾಗಿದಾರೆ, ಸುಮ್ನಿರಿ ಅಂದ್ರಂತೆ. ನನ್ ಮಗ ಬೈರಪ್ಪ ತೆಂಗಿನ ಮರದಿಂದ ಬಿದ್ದಾಗ ನಿಂಗೆ ಏನ್ ಹೇಳಿದ್ವಿ ನಾವು? ಪೇಟೆ ಆಸ್ಪತ್ರೇಲಿ ಹುಷಾರಾಗವ್ನೆ, ಸುಮ್ನಿರು ಅಂತ ಒಂದೂವರೆ ದಿನ ಹೇಳಿದ್ವಿ. ಅವನು ದಾರೀಲೇ ಹೋಗಿದ್ದ. ಅದು ನಾವು ಮಾಡಿದ ತಪ್ಪು. ನೀನು ಮಾಡಬ್ಯಾಡ. ಅವಳಿಗೆ ಇರೋದು ಇದ್ದಂಗೆ ಹೇಳು. ಹಗ್ಗ ಕಟ್ಟಬ್ಯಾಡ. ಜಾವದಲ್ಲಿ ಹೋಗಬ್ಯಾಡ.

ಅಕ್ಕಯ್ಯಮ್ಮನ ಹೆಬ್ಬೆಟ್ಟು


ರಾಜಾಜಿನಗರ
೧೮ ಜೂನ್ ೧೯೫೭, ಮಂಗಳವಾರ

ಅತ್ತೆ,

ನಿಮ್ಮ ಕಾಗದ ಶನಿವಾರ ಮಧ್ಯಾಹ್ನ ಬಂತು. ಮೊದಲ ಎರಡು ಸಾಲು ಓದಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅದರ ವಿಷಯ ಈಗ ಬರೆಯಲಾರೆ.

ಕಾಗದವನ್ನು ನೇರವಾಗಿ ಮೇಟ್ರನ್ನರ ಕೈಗೆ ಕೊಟ್ಟೆ. ಓದಿ ಕನ್ನಡಕ ತೆಗೆದರು. "ಇಪ್ಪತ್ತೆರಡು ವರ್ಷದಿಂದ ಕುಂಕುಮ ಒರೆಸ್ತಾ ಇದೀನಿ ಜಗದಾಂಬಾ. ಒಬ್ಬಳಾದ್ರೂ ಏನಂದ್ಕೋತಾಳೆ ಅಂತ ಯೋಚನೆ ಮಾಡ್ಲಿಲ್ಲ" ಎಂದರು. ಆಮೇಲೆ ಎಂದಿನ ಗತ್ತಿಗೆ ಬಂದು, "ಅವಳನ್ನ ಒಪ್ಪಿಸೋಕೆ ಸೋಮವಾರದ ತನಕ ಟೈಮಿದೆ. ಆಗದಿದ್ರೆ ಡಾಕ್ಟರು ಹೇಳಿದ ಹಾಗೇ ಆಗುತ್ತೆ" ಎಂದರು.

ಭಾನುವಾರ ಮಧ್ಯಾಹ್ನ ಹೋದೆ, ಬರಿಗೈಯಲ್ಲಿ. ಮಂಚದಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತೆ. ಅವಳು ಹಾಸಿಗೆಯ ಪಕ್ಕದ ಲೋಟ ಎತ್ತಿ ಬೀಸಿದಳು. ಹುಬ್ಬಿಗೆ ಬಿತ್ತು, ರಕ್ತ ಬಂತು. ನನ್ನ ಕೈಯ ಬುದ್ಧಿ ನನಗೆ ಗೊತ್ತು ಅತ್ತೆ. ಎರಡನ್ನೂ ತೊಡೆಯ ಅಡಿಗೆ ಹಾಕಿಕೊಂಡು ಕೂತೆ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು, ಅದು ಇಳಿಯುವವರೆಗೆ ಬಾಯಿ ತೆರೆಯಲಿಲ್ಲ.

"ಅವತ್ತು ಹೊಡೆದೆ, ತಪ್ಪಾಯ್ತು" ಎಂದೆ.

ಅವಳ ಕಣ್ಣು ನನ್ನ ಕೈಯನ್ನೇ ಹುಡುಕುತ್ತಿತ್ತು. "ನನ್ ಗಂಡ ಎಲ್ಲಿ?" ಎಂದಳು.

"ಅಂಗಳದ ಆ ಕಡೆ ವಾರ್ಡಲ್ಲಿ. ಹುಷಾರಾಗಿಲ್ಲ. ತಲೆಗೆ ಪೆಟ್ಟಾಗಿದೆ. ಬಿದ್ದಾಗಿಂದ ಕಣ್ಣು ಬಿಟ್ಟಿಲ್ಲ. ಉಳೀತಾರೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ."

ಇವಳೇನು ಹೇಳಿಬಿಟ್ಟಳು ಎಂದು ಆಯಾ ಬಾಯಿಗೆ ಸೆರಗು ಹಿಡಿದಳು.

"ಹುಷಾರಾಗಿಲ್ವಾ?" ಎಂದಳು ಮುನಿತಾಯಮ್ಮ.

"ಇಲ್ಲ."

"ಹಂಗಾದ್ರೆ ಬದುಕವ್ರೆ" ಎಂದಳು. ಅಲ್ಲಿಂದ ಅಳು ಶುರುವಾದದ್ದು ನಿಲ್ಲಲೇ ಇಲ್ಲ.

ಸ್ಟ್ರೆಚರಿನ ಮೇಲೆ ಅವಳನ್ನು ಗಂಡಸರ ವಾರ್ಡಿಗೆ ಕರೆದುಕೊಂಡು ಹೋದೆವು. ಎಡಗೈಯನ್ನು ಗಂಡನ ಎದೆಯ ಮೇಲೆ ಇಟ್ಟು, ಅದು ಏರಿ ಇಳಿಯುವುದನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ನನ್ನ ಹಣೆ ನೋಡಿ, "ನೀನು ಯಾವಾಗಿಂದ ಹಿಂಗೆ?" ಎಂದು ಕೇಳಿದಳು. ಹದಿನೇಳರಿಂದ ಎಂದೆ. ಸಂಜೆ ಸೂಜಿ ಚುಚ್ಚಲು ಹೋದಾಗ ಒದೆಯಲಿಲ್ಲ.

ಸೋಮವಾರ ಬೆಳಕು ಹರಿದ ಮೇಲೆ ಸೋಪಿನ ನೊರೆ ಮಾಡಿಕೊಂಡು ಹೋಗಿ, ಒಂದೊಂದೇ ಹೇಳಿ, ಆರೂ ಬಳೆ ಜಾರಿಸಿದೆ. ಅವನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಪೋಣಿಸಿ ಗಂಡನ ಮಂಚದ ಸರಳಿಗೆ ಕಟ್ಟಬೇಕೆಂದಳು, ಕಟ್ಟಿದೆ. ತಾಳಿ ಬಿಚ್ಚಲಿಲ್ಲ, ಬ್ಯಾಂಡೇಜು ಸುತ್ತಿದೆ. ಕುಂಕುಮ ಹಾಗೇ ಇದೆಯಲ್ಲ ಎಂದು ಡಾಕ್ಟರು ಗದರಿದರು. "ಆಪರೇಷನ್ ಕೈಗೆ ಸಾರ್, ಹಣೆಗಲ್ಲ" ಎಂದುಬಿಟ್ಟೆ. ಅಯ್ಯೋ, ಇದ್ದ ಒಂದು ಕೆಲಸವೂ ಹೋಯಿತು ಅಂದುಕೊಂಡೆ. ಅವರು ನನ್ನ ಹುಬ್ಬಿನ ಪ್ಲಾಸ್ಟರು ನೋಡಿ ಸುಮ್ಮನೆ ಒಳಗೆ ಹೋದರು.

ಕೈ ಉಳಿಯಿತು. ಎರಡು ಬೆರಳು ಮಡಚಲು ಬರುವುದಿಲ್ಲ. ಗಡುವು ದಾಟಿದ ಮೇಲೆ ಮೇಟ್ರನ್ನರಿಗೆ ಕೊನೆಗೂ ಬರೆದುಕೊಟ್ಟೆ: "ಹೊಡೆದೆ. ಅವಳು ಹೆದರಿದ್ದು ನನಗೆ ಕಾಣಲಿಲ್ಲ, ಬೈದದ್ದು ಮಾತ್ರ ಕೇಳಿಸಿತು." ಕಾಯಂ ಆಗುವುದು ಇನ್ನೂ ಆರು ತಿಂಗಳು ಮುಂದೆ ಹೋಗಿದೆ. ಕೆಲಸ ಉಳಿದಿದೆ.

ಜಗದಾಂಬಾ


ರಾಜಾಜಿನಗರ
೧೪ ಜುಲೈ ೧೯೫೭

ಅತ್ತೆ,

ಮರಿಯಪ್ಪ ಕಳೆದ ಮಂಗಳವಾರ ತೀರಿಕೊಂಡ. ಕಣ್ಣು ಬಿಡಲೇ ಇಲ್ಲ. ಉಸಿರು ನಿಂತು ಹತ್ತು ನಿಮಿಷದೊಳಗೆ ನಾನೇ ಹೋಗಿ ಅವಳಿಗೆ ಹೇಳಿದೆ. ಬೇರೆ ಯಾರೂ ಹೇಳುವುದಕ್ಕೆ ಬಿಡಲಿಲ್ಲ.

ಆಪರೇಷನ್ ಆದ ಮೇಲೆ ಆ ಆರು ಬಳೆಗಳನ್ನು ಅವಳೇ ಕೇಳಿ ತೊಟ್ಟುಕೊಂಡಿದ್ದಳು. ಮಣ್ಣು ಮುಗಿಸಿ, ಶುಕ್ರವಾರ ಮೂಡಲಪಾಳ್ಯದಿಂದ ಹೆಂಗಸರು ಬಂದರು. ಅವಳಿಗೆ ಇನ್ನೂ ಮನೆಗೆ ಹೋಗಲು ಅಪ್ಪಣೆ ಇರಲಿಲ್ಲ, ಆಸ್ಪತ್ರೆಯ ಹಿತ್ತಲಿನ ಹೊಂಗೆ ಮರದ ಕೆಳಗೇ ಶಾಸ್ತ್ರ ಮುಗಿಸುತ್ತೇವೆ ಎಂದರು. ಒಬ್ಬರ ಕೈಯಲ್ಲಿ ಕಲ್ಲಿತ್ತು. ಮುನಿತಾಯಮ್ಮ, "ಆ ನರ್ಸಮ್ಮ ಬರ್ಲಿ, ನೀವು ಯಾರೂ ಮುಟ್ಬೇಡಿ" ಎಂದು ಹಟ ಹಿಡಿದಳಂತೆ. ನನ್ನನ್ನು ಕರೆದರು.

"ತೆಗೀಲೇಬೇಕು ಅಂತ ಏನಿಲ್ಲ" ಎಂದು ಅವಳ ಕಿವಿಯಲ್ಲಿ ಹೇಳಿದೆ.

"ನೀನು ಇಟ್ಕೊಂಡ್ಯಾ?" ಎಂದಳು. "ಅವ್ರು ಒಡೀತಾರೆ. ನೀನಾದ್ರೆ ಒಡೆಯಲ್ಲ" ಎಂದು ಕೈ ಚಾಚಿದಳು.

ನೊರೆ ಮಾಡಿ ಅವಳಿಗಿಂತ ಕೆಳಗೆ ಕೂತೆ. ಎರಡು ಬಳೆ ಬಂದವು. ಮೂರನೆಯದಕ್ಕೆ ಕೈ ಹಾಕಿದಾಗ ಮೈಮೇಲೆ ಬಿದ್ದಳು. ಉಗುರಿನಲ್ಲಿ ನನ್ನ ಮಣಿಕಟ್ಟು ಬಗೆದಳು. "ಮುಂಡೆ! ನೀನು ಕಾಲಿಟ್ಟ ದಿನವೇ ಗೊತ್ತಾಯ್ತು ಕಣೇ, ಮುಂಡೆ!" ಎಂದು ಕಿರುಚಿದಳು.

"ಹೂಂ ಕಣವ್ವ" ಎಂದೆ. "ನಿಲ್ಲಿಸ್ಲಾ?"

ನಿಲ್ಲಿಸಿದೆ. ಹೆಂಗಸರು ಗೊಣಗಿದರು, ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದೆ. ನಾಲ್ಕು ಸಲ ನಿಲ್ಲಿಸಿದೆ. ಕೊನೆಗೆ ಅವಳೇ ಕೈ ಕೊಟ್ಟಳು. ಆರು ಬಳೆಯನ್ನೂ ಗಾಜ್ ಬಟ್ಟೆಯಲ್ಲಿ ಕಟ್ಟಿ ಅವಳ ಮಡಿಲಿಗೆ ಹಾಕಿದೆ. ಆಮೇಲೆ ಡ್ಯೂಟಿ ರೂಮಿಗೆ ಬಂದು ಮಣಿಕಟ್ಟಿಗೆ ಅಯೋಡಿನ್ ಹಚ್ಚಿಕೊಂಡು, ಬಾಗಿಲು ಹಾಕಿಕೊಂಡು, ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ.

ಅಲ್ಲಿ ಕೂತಾಗ ಒಂದು ಮಾತು ಹೊಳೆಯಿತು. ಅವತ್ತು ಕೆರೆಯ ಹತ್ತಿರ ನೀವು ನನ್ನ ಪಕ್ಕ ಕೂತಿರಿ. ಸತ್ತವನು ನಿಮ್ಮ ಮಗ. ನಿಮ್ಮ ಪಕ್ಕ ಯಾರು ಕೂತಿದ್ದರು? ಆರು ವರ್ಷದಲ್ಲಿ ಒಂದು ದಿನವೂ ನಾನು ಇದನ್ನು ಯೋಚಿಸಲಿಲ್ಲವಲ್ಲ.

ಮುಂದಿನ ಭಾನುವಾರ ನನಗೆ ರಜೆ. ಬರಲೇ?

ನಿಮ್ಮ ಸೊಸೆ,
ಜಗದಾಂಬಾ


ಕೆಂಗೇರಿ
೧೭ ಜುಲೈ ೧೯೫೭

ಜಗದಮ್ಮ,

ಯಾರೂ ಕುಂತಿರ್ಲಿಲ್ಲ. ನಿನ್ ಕೈ ಹಿಡ್ಕಂಡಿದ್ನಲ್ಲ, ಅದ್ರಲ್ಲೇ ನಾನೂ ನಿಂತ್ಕಂಡಿದ್ದೆ. ಮಗ ಹೋಗಿ ಹತ್ತು ದಿನ ಆಗಿದ್ರೂ ನನ್ ಕಣ್ಣಲ್ಲಿ ಒಂದು ಹನಿ ನೀರು ಬಂದಿರ್ಲಿಲ್ಲ. ಕಲ್ಲಿನಂಥಾ ಹೆಂಗಸು ಅಂತ ಊರೆಲ್ಲ ಆಡ್ಕೊಂಡಿತ್ತು. ನೀನು ಕಚ್ಚಿದಾಗ ಅತ್ತೆ. ಬೆರಳು ನೋವಿಗೆ ಅಳ್ತಾಳೆ ಅಂದ್ಕಂಡ್ರು. ಅಂದ್ಕಳ್ಳಿ ಅಂತ ಹೊಟ್ಟೆ ತುಂಬಾ ಅತ್ತೆ.

ಭಾನುವಾರ ಬಾ. ಜಾವದ ರೈಲಿಗೆ ಬರಬ್ಯಾಡ, ಬಿಸ್ಲು ಬಂದ ಮೇಲೆ ಬಾ. ಬಿಳೀ ಸೀರೆ ಆಸ್ಪತ್ರೇಲೇ ಬಿಚ್ಚಿಟ್ಟು ಬಾ. ಮಡಕೆ ಅಟ್ಟದಿಂದ ಇಳಿಸಿ ಇಟ್ಟಿರ್ತೀನಿ. ತೊಟ್ಕೊಳೋದು ಬಿಡೋದು ನಿಂಗೆ ಬಿಟ್ಟಿದ್ದು. ಎಮ್ಮೆ ಗಿಣ್ಣು ಮುಗೀತು, ನೀನು ತಡ ಮಾಡ್ದೆ. ಮೊಸರು ಐತೆ.

ಅಕ್ಕಯ್ಯಮ್ಮನ ಹೆಬ್ಬೆಟ್ಟು

(ಈ ಸಲ ಇಂಕನ್ನು ನಾನೇ ಎರಡು ಸಲ ಹಚ್ಚಿದೆ. ಗೆರೆ ಹಾಗೆಯೇ ಬಂದಿದೆ. — ಅಲಮೇಲು)